ನಾಯಿಮರಿಗೆ ಉಣ್ಣೆ, ಚಿಗಟ ಹತ್ತದಂತೆ ಮಾತ್ರೆ ಕೊಡಬೇಕೋ, ಹನಿ ಔಷಧಿ ಹಾಕಬೇಕೋ, ಕೊರಳಪಟ್ಟಿ ಕಟ್ಟಬೇಕೋ?

ಥಾಣೆಯಲ್ಲಿ ನೆಲಮಹಡಿಯ ಮನೆ, ನಾಲ್ಕು ತಿಂಗಳ, ಒಂಬತ್ತು ಕಿಲೋ ತೂಕದ ಮರಿ, ಜೊತೆಗೊಂದು ಬೆಕ್ಕು, ಮರಿಯ ಕಿವಿಯ ಹಿಂದೆ ನಿನ್ನೆ ಕಂಡ ಒಂದು ಉಣ್ಣೆ. ನೀವು ಬರೆದದ್ದರಲ್ಲಿ ಇಷ್ಟು ಮುಖ್ಯ. ಅದು ನನ್ನ ಮರಿಯಾಗಿದ್ದರೆ ತಿಂಗಳಿಗೊಮ್ಮೆ ಕೊಡುವ ಮಾತ್ರೆಯನ್ನೇ ಆರಿಸುತ್ತಿದ್ದೆ. ಯಾಕೆಂದು ಹೇಳುವ ಮೊದಲು ನಮ್ಮ ನಾಯಿ ಕರಿಯನಿಗೆ ಆದದ್ದನ್ನು ಹೇಳಬೇಕು.

ನಾವು ಇರುವುದು ಮುಂಬಯಿಯ ಮುಲುಂಡಿನಲ್ಲಿ, ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದ ಗುಡ್ಡದ ಬುಡದಲ್ಲಿ. ಕರಿಯನಿಗೆ ಮೊದಲ ವರ್ಷ ಜೂನ್‌ನಿಂದ ಅಕ್ಟೋಬರ್‌ವರೆಗೆ ತಪ್ಪದೆ ಹನಿ ಔಷಧಿ ಹಾಕಿದೆ. ಮಳೆ ನಿಂತಿತು, ಇನ್ನು ಉಣ್ಣೆಯ ಕಾಟವಿಲ್ಲ ಎಂದು ನವೆಂಬರಿನಲ್ಲಿ ಬಿಟ್ಟೆ. ಊರಿನಲ್ಲಿ ದನಕರುಗಳ ಮೈಮೇಲಿನ ಉಣ್ಣೆ ನೋಡಿ ಬೆಳೆದ ನನಗೆ ಅದು ಹೊಲದಲ್ಲಿ, ಹುಲ್ಲಿನಲ್ಲಿ ಇರುವ ಜೀವಿ ಎಂದೇ ತಿಳಿವಳಿಕೆ. ಜನವರಿಯ ಒಂದು ಬೆಳಗ್ಗೆ ಅಡುಗೆಮನೆಯ ಬಿಳಿ ಟೈಲ್ಸಿನ ಮೇಲೆ ಐದಾರು ರಕ್ತದ ಹನಿಗಳು ಸಾಲಾಗಿ ಬಿದ್ದಿದ್ದವು. ಕರಿಯನ ಮೂಗಿನಿಂದ ರಕ್ತ ಸೋರುತ್ತಿತ್ತು. ಮೂರು ದಿನದಿಂದ ಅನ್ನ ಮುಟ್ಟದೆ ಮೂಲೆಯಲ್ಲಿ ಮಲಗಿದ್ದವನನ್ನು ಚಳಿಗೆ ಹೀಗಾಗಿದೆ ಎಂದುಕೊಂಡಿದ್ದೆ. ವೈದ್ಯರು ಅವನ ತುಟಿ ಮೇಲೆತ್ತಿ ತೋರಿಸಿದರು. ವಸಡು ಕಾಗದದಂತೆ ಬಿಳಿಚಿಕೊಂಡಿತ್ತು. ಆರೋಗ್ಯವಂತ ನಾಯಿಯಲ್ಲಿ ಎರಡು ಲಕ್ಷದ ಆಸುಪಾಸು ಅಥವಾ ಅದಕ್ಕೂ ಹೆಚ್ಚು ಇರಬೇಕಾದ ಪ್ಲೇಟ್‌ಲೆಟ್ ಇವನಲ್ಲಿ 38 ಸಾವಿರಕ್ಕೆ ಇಳಿದಿತ್ತು. ಕಾಯಿಲೆಯ ಹೆಸರು ಎರ್ಲಿಕಿಯೋಸಿಸ್, ಉಣ್ಣೆ ಕಚ್ಚಿ ಬರುವಂಥದ್ದು. ಡಾಕ್ಸಿಸೈಕ್ಲಿನ್ ಮಾತ್ರೆ 28 ದಿನ, ಹೊಟ್ಟೆಗೆ ಏನಾದರೂ ಹಾಕಿದ ಮೇಲೆಯೇ. ಬದುಕಿದ. ಆ ತಿಂಗಳ ರಾತ್ರಿಗಳನ್ನು ನಾನು ಮರೆತಿಲ್ಲ.

ಅವನು ಚೇತರಿಸಿಕೊಳ್ಳುತ್ತಿದ್ದಾಗ ಗೋಡೆಗೆ ಸುಣ್ಣ ಬಳಿಸಲೆಂದು ಉಡುಪಿ ಪಂಚಾಂಗದ ಕ್ಯಾಲೆಂಡರನ್ನು ಮೊಳೆಯಿಂದ ತೆಗೆದೆ. ಅದರ ಹಿಂದೆ, ಗೋಡೆಯ ಬಿರುಕಿನುದ್ದಕ್ಕೂ ಎಳ್ಳುಕಾಳಿನಷ್ಟು ಸಣ್ಣ ಉಣ್ಣೆಗಳು ಒತ್ತಾಗಿ ಕುಳಿತಿದ್ದವು. ಸ್ವಿಚ್‌ಬೋರ್ಡಿನ ಅಂಚಿನಲ್ಲೂ ಇದ್ದವು. ಮೇಲೆ, ನನ್ನ ತಲೆಯ ಎತ್ತರಕ್ಕೆ.

ನಮ್ಮ ನಗರಗಳ ನಾಯಿಗಳಿಗೆ ಹತ್ತುವ ಕಂದು ಉಣ್ಣೆಗೆ ಕಾಡು, ಹುಲ್ಲು ಬೇಕಿಲ್ಲ, ಮನೆಯೇ ಸಾಕು. ಹೆಣ್ಣು ಉಣ್ಣೆ ರಕ್ತ ಕುಡಿದು ಹರಳುಬೀಜದಂತೆ ಊದಿಕೊಂಡು ನಾಯಿಯಿಂದ ಕಳಚಿ ಬೀಳುತ್ತದೆ, ಗೋಡೆ ಹತ್ತಿ ಸಂದಿಯಲ್ಲಿ ಸಾವಿರಾರು ಮೊಟ್ಟೆ ಇಟ್ಟು ಸಾಯುತ್ತದೆ. ಮರಿಗಳು ಪ್ರತಿ ಹಂತದಲ್ಲೂ ಒಮ್ಮೆ ನಾಯಿಯ ಮೈಗೆ ಬಂದು ರಕ್ತ ಕುಡಿದು ಮತ್ತೆ ಸಂದಿಗೆ ಮರಳುತ್ತವೆ. ಬೆಳೆದ ಉಣ್ಣೆ ಆಹಾರವಿಲ್ಲದೆ ತಿಂಗಳುಗಟ್ಟಲೆ ಕಾಯಬಲ್ಲದು. ಮುಂಬಯಿ, ಥಾಣೆಗಳಲ್ಲಿ ಅದರ ಸಂತತಿಯನ್ನು ತಡೆಯುವಷ್ಟು ಚಳಿ ಯಾವ ತಿಂಗಳಲ್ಲೂ ಬೀಳುವುದಿಲ್ಲ. ಆದ್ದರಿಂದ ಯಾವ ಔಷಧಿ ಆರಿಸಿದರೂ ಹನ್ನೆರಡು ತಿಂಗಳೂ ನಡೆಸಬೇಕು. ನೀವು ಬಿಡದೆ ನಡೆಸಬಲ್ಲಂಥದ್ದನ್ನೇ ಆರಿಸಿ.

ಇನ್ನು ಆಯ್ಕೆಯ ಮಾತು. ಇಲ್ಲಿನ ಮರಾಠಿ ನೆರೆಯವರು ಗೋಚೀಡ್ ಎನ್ನುವುದು ನಮ್ಮ ಉಣ್ಣೆ, ಪಿಸೂ ಎನ್ನುವುದು ಚಿಗಟ. ಅಂಗಡಿಯಲ್ಲಿ ಎರಡನ್ನೂ ಬೇರೆಬೇರೆಯಾಗಿ ಹೆಸರಿಸಿ ಕೇಳಿ, ಏಕೆಂದರೆ ಚಿಗಟವನ್ನು ಕೊಲ್ಲುವ ಎಲ್ಲ ಔಷಧಿಯೂ ಉಣ್ಣೆಯನ್ನು ಕೊಲ್ಲುವುದಿಲ್ಲ. ಅಫಾಕ್ಸೊಲೇನರ್ ಇರುವ ನೆಕ್ಸ್‌ಗಾರ್ಡ್ (ತಿಂಗಳಿಗೊಮ್ಮೆ), ಸಾರೊಲೇನರ್ ಇರುವ ಸಿಂಪಾರಿಕಾ (35 ದಿನ), ಫ್ಲುರಲೇನರ್ ಇರುವ ಬ್ರಾವೆಕ್ಟೋ (ಸುಮಾರು 12 ವಾರ) ಒಂದೇ ಕುಟುಂಬದ ಮಾತ್ರೆಗಳು, ಎರಡಕ್ಕೂ ಕೆಲಸ ಮಾಡುತ್ತವೆ. ಔಷಧಿ ನಾಯಿಯ ರಕ್ತದಲ್ಲಿರುತ್ತದೆ. ಹಾಗಾಗಿ ಜುಲೈ ಮಳೆಯಲ್ಲಿ ದಿನವೂ ನೆನೆದರೂ, ವಾರವಾರ ಸ್ನಾನ ಮಾಡಿಸಿದರೂ ತೊಳೆದುಹೋಗುವುದಿಲ್ಲ. ನಾಯಿಯ ಮೈ ನೆಕ್ಕುವ ಬೆಕ್ಕಿಗೂ ತಗಲುವುದಿಲ್ಲ. ಒಂದು ಮಿತಿಯಿದೆ: ಉಣ್ಣೆ ಕಚ್ಚಿದ ಮೇಲೆಯೇ ಅದು ಸಾಯುತ್ತದೆ. ಮಾತ್ರೆ ಕೊಟ್ಟ ಮೇಲೂ ಮೈಮೇಲೆ ಒಂದೆರಡು ಉಣ್ಣೆ ಕಂಡರೆ ಔಷಧಿ ವ್ಯರ್ಥವಾಯಿತೆಂದು ತಿಳಿಯಬೇಡಿ, ಒಂದೆರಡು ದಿನದಲ್ಲಿ ಒಣಗಿ ಬೀಳುತ್ತವೆ.

ಮೂರು ತಿಂಗಳ ಮಾತ್ರೆ ಅನುಕೂಲವಲ್ಲವೇ ಎಂದು ನೀವು ಕೇಳಿದ್ದೀರಿ. ಬೆಳೆದ ನಾಯಿಗೆ ಹೌದು. ಮರಿಯ ತೂಕ ವಾರವಾರವೂ ಏರುತ್ತಿರುತ್ತದೆ. ಇವತ್ತು ಒಂಬತ್ತು ಕಿಲೋ ಇರುವುದು ಮುಂದಿನ ತಿಂಗಳು ಹತ್ತು ದಾಟಬಹುದು, ಆಗ ಪ್ರಮಾಣವೇ ಬೇರೆ. ತಿಂಗಳ ಮಾತ್ರೆಯಾದರೆ ಪ್ರತಿ ಸಲವೂ ತೂಗಿ ಸರಿಯಾದ ಪೆಟ್ಟಿಗೆ ತರಬಹುದು. ಮರಿಯನ್ನು ಎತ್ತಿಕೊಂಡು ತೂಕದ ಯಂತ್ರದ ಮೇಲೆ ನಿಂತು, ನಿಮ್ಮ ತೂಕ ಕಳೆದರೆ ಆಯಿತು. ದುಡ್ಡು ಉಳಿಸಲು ದೊಡ್ಡ ಮಾತ್ರೆ ತಂದು ಎರಡು ತುಂಡು ಮಾಡುವವರನ್ನು ನೋಡಿದ್ದೇನೆ. ಔಷಧಿ ಎರಡು ತುಂಡಿಗೂ ಸಮನಾಗಿ ಹಂಚಿಹೋಗಿದೆಯೆಂಬ ಖಾತ್ರಿಯಿಲ್ಲ, ದಯವಿಟ್ಟು ಮಾಡಬೇಡಿ. ತೀರಾ ಕಡಿಮೆ ತೂಕದ ಮರಿಗಳಿಗೆ, ಎಂಟು ವಾರ ತುಂಬದ ಮರಿಗಳಿಗೆ ಇವು ಸಲ್ಲವು. ಕನಿಷ್ಠ ವಯಸ್ಸು, ಕನಿಷ್ಠ ತೂಕ ಮಾತ್ರೆಯಿಂದ ಮಾತ್ರೆಗೆ ಬೇರೆ, ಪೆಟ್ಟಿಗೆಯ ಮೇಲೆ ಓದಿಕೊಳ್ಳಿ. ಎಲ್ಲಕ್ಕಿಂತ ಮುಖ್ಯ, ಮರಿಗೆ ಎಂದಾದರೂ ಫಿಟ್ಸ್ ಬಂದಿದ್ದರೆ ವೈದ್ಯರಿಗೆ ಮೊದಲೇ ಹೇಳಿ. ಈ ಕುಟುಂಬದ ಮಾತ್ರೆಗಳಿಂದ ಕೆಲವು ನಾಯಿಗಳಲ್ಲಿ ನಡುಕ, ತೂರಾಟ, ಫಿಟ್ಸ್ ಕಾಣಿಸಬಹುದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2018ರಲ್ಲಿ ಎಚ್ಚರಿಕೆ ನೀಡಿತ್ತು. ಹೆಚ್ಚಿನ ನಾಯಿಗಳು ತೊಂದರೆಯಿಲ್ಲದೆ ತಾಳಿಕೊಳ್ಳುತ್ತವೆ, ಕರಿಯನೂ ಹಾಗೆಯೇ.

ಹನಿ ಔಷಧಿ ಕೆಟ್ಟದ್ದಲ್ಲ. ಫಿಪ್ರೊನಿಲ್ ಹನಿಯನ್ನು ಹೆಗಲ ನಡುವೆ ಕೂದಲು ಸರಿಸಿ ಚರ್ಮಕ್ಕೇ ಬಿಡಬೇಕು. ಹಾಕುವ ಎರಡು ದಿನ ಮೊದಲು, ಎರಡು ದಿನ ನಂತರ ಸ್ನಾನ ಕೂಡದು. ಮಳೆಗಾಲದಲ್ಲಿ ಇದನ್ನು ಪಾಲಿಸುವುದು ಕಷ್ಟ. ನಿಮ್ಮ ಮನೆಯಲ್ಲಿ ಇದಕ್ಕಿಂತ ದೊಡ್ಡ ಅಪಾಯ ಪರ್ಮೆಥ್ರಿನ್. ನಾಯಿಗಳಿಗೆಂದೇ ಮಾಡಿದ ಕೆಲವು ಹನಿಗಳಲ್ಲಿ, ಪುಡಿ, ಸ್ಪ್ರೇಗಳಲ್ಲಿ ಅದು ಇರುತ್ತದೆ. ಬೆಕ್ಕಿನ ದೇಹ ಅದನ್ನು ಕರಗಿಸಿ ಹೊರಹಾಕಲಾರದು. ನಡುಕ ಹತ್ತಿ ಸಾಯಬಹುದು. ನಾಯಿಯ ಮಗ್ಗುಲಲ್ಲಿ ಬೆಕ್ಕು ಮಲಗುತ್ತದೆ ಎಂದು ನೀವೇ ಬರೆದಿದ್ದೀರಿ, ಹಾಗಾಗಿ ಆ ಹೆಸರಿರುವ ಯಾವುದನ್ನೂ ಮನೆಗೆ ತರಬೇಡಿ. ಕೊರಳಪಟ್ಟಿಗೂ ಇದೇ ಮಾತು: ಬೆಕ್ಕು ನೆಕ್ಕುವ, ಮಕ್ಕಳು ಹಿಡಿದೆಳೆಯುವ ಮನೆಗೆ ಅದು ಹೊಂದುವುದಿಲ್ಲ. ನೀರಿಗೆ ಬೆರೆಸಿ ಮೈಗೆ ಸವರುವ ಅಮಿಟ್ರಾಜ್, ದನಗಳಿಗೆ ಬಳಸುವ ಡೆಲ್ಟಾಮೆಥ್ರಿನ್ ಅಗ್ಗವೆಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ನೆಕ್ಕಿದರೆ ವಿಷ. ಶಾಂಪೂ ಆ ದಿನ ಮೈಮೇಲಿದ್ದುದನ್ನು ಕೊಲ್ಲುತ್ತದೆ, ಅಷ್ಟೆ. ಬೆಳ್ಳುಳ್ಳಿ ತಿನ್ನಿಸುವುದು, ಕರ್ಪೂರ ಅರೆದು ಹಚ್ಚುವುದು, ಸೀಮೆಎಣ್ಣೆ ಸವರುವುದು ಮೂರೂ ನಾಯಿಗೆ ಹಾನಿಯೇ.

ಚಿಗಟದ ಅನುಮಾನವಿದ್ದರೆ ಬಾಲದ ಬುಡವನ್ನು ಸಣ್ಣ ಹಲ್ಲಿನ ಬಾಚಣಿಗೆಯಿಂದ ಬಾಚಿ, ಉದುರಿದ ಕಪ್ಪು ಪುಡಿಯನ್ನು ಒದ್ದೆ ಬಿಳಿ ಕಾಗದದ ಮೇಲೆ ಹಾಕಿ. ಬರಿಯ ಮಣ್ಣಾದರೆ ಹಾಗೆಯೇ ಇರುತ್ತದೆ. ಚಿಗಟದ ಹಿಕ್ಕೆಯಾದರೆ ಸುತ್ತ ಕೆಂಗಂದು ಬಣ್ಣ ಹರಡುತ್ತದೆ, ಏಕೆಂದರೆ ಅದು ಜೀರ್ಣವಾದ ರಕ್ತ. ಆಗ ಬೆಕ್ಕಿಗೂ ಬೆಕ್ಕಿನದೇ ಔಷಧಿ ಹಾಕಿಸಬೇಕು, ಇಲ್ಲದಿದ್ದರೆ ಚಿಗಟ ಒಂದರಿಂದ ಇನ್ನೊಂದಕ್ಕೆ ಹತ್ತುತ್ತಲೇ ಇರುತ್ತದೆ.

ಮನೆಯ ಕೆಲಸವೂ ಉಂಟು. ಗೋಡೆಯ ಬಿರುಕಿಗೆ ಬಿಳಿ ಸಿಮೆಂಟ್ ತುಂಬಿಸಿ, ಮರಿಯ ಹಾಸಿಗೆಯನ್ನು ವಾರಕ್ಕೊಮ್ಮೆ ಬಿಸಿನೀರಿನಲ್ಲಿ ಒಗೆಯಿರಿ, ಕಪಾಟಿನ ಹಿಂದೆ, ಫೋಟೋ ಚೌಕಟ್ಟುಗಳ ಹಿಂದೆ ಟಾರ್ಚ್ ಹಿಡಿದು ನೋಡಿ. ನಾವು ಮೂರು ತಿಂಗಳು ಹೀಗೆ ಮಾಡಿದ ಮೇಲೆಯೇ ಗೋಡೆ ತೆರವಾದದ್ದು. ನಮ್ಮ ಗೇಟಿನ ಎರಡು ಬೀದಿನಾಯಿಗಳಿಗೂ ಕರಿಯನಿಗೆ ಕೊಡುವ ದಿನವೇ ಅನ್ನದಲ್ಲಿಟ್ಟು ಮಾತ್ರೆ ಕೊಡುತ್ತೇನೆ. ಅವು ಮಲಗುವ ಮೆಟ್ಟಿಲಿನ ಮೇಲೆಯೇ ಇವನೂ ನಡೆದು ಬರುತ್ತಾನೆ.

ಮಂಗನ ಕಾಯಿಲೆ ಬರುತ್ತದೆಯೇ ಎಂದು ನಿಮ್ಮ ತಾಯಿಯವರಿಗೆ ಆತಂಕವಾಗಿರುವುದು ಸಹಜ. 1957ರಲ್ಲಿ ಶಿವಮೊಗ್ಗದ ಕ್ಯಾಸನೂರಿನಲ್ಲಿ ಗೊತ್ತಾದ ಆ ರೋಗವನ್ನು ಹರಡುವುದು ಮುಖ್ಯವಾಗಿ ಬೇರೆ ಜಾತಿಯ ಕಾಡಿನ ಉಣ್ಣೆ. ಥಾಣೆಯ ಗೋಡೆಯ ಸಂದಿಯಲ್ಲಿರುವುದು ಅದಲ್ಲ. ಆದರೆ ಬೇಸಿಗೆಯ ರಜೆಗೆ ಮರಿಯನ್ನು ಕರೆದುಕೊಂಡು ಮಲೆನಾಡಿಗೋ, ಆ ರೋಗ ಕಾಣಿಸಿಕೊಂಡಿರುವ ಗೋವೆಯ ಸತ್ತರಿ, ಸಿಂಧುದುರ್ಗದ ಕಡೆಗೋ ಹೋದರೆ ಕಾಡಿನೊಳಗೆ ಬಿಡಬೇಡಿ.

ಈಗ ಕಿವಿಯ ಹಿಂದೆ ಇರುವ ಆ ಉಣ್ಣೆ. ಬೆಂಕಿಕಡ್ಡಿ, ಎಣ್ಣೆ ಯಾವುದೂ ಬೇಡ. ಚೂಪು ತುದಿಯ ಚಿಮುಟದಿಂದ ಚರ್ಮಕ್ಕೆ ತಾಗಿದಂತೆ ಅದರ ಬಾಯಿಯ ಹತ್ತಿರ ಹಿಡಿದು, ತಿರುಚದೆ, ನಿಧಾನವಾಗಿ ನೇರ ಎಳೆಯಿರಿ. ಬೆರಳಿನಲ್ಲಿ ಹಿಸುಕದೆ ಸ್ಪಿರಿಟ್ ಇರುವ ಬಾಟಲಿಗೆ ಹಾಕಿ. ಕಾಲ್ಬೆರಳ ಸಂದಿ, ಕಿವಿಯೊಳಗಿನ ಮಡಿಕೆ, ಕಂಕುಳು ಮೂರನ್ನೂ ಇವತ್ತೇ ತಡವಿ ನೋಡಿ. ಮುಂದಿನ ಮೂರು ವಾರ ಮರಿ ಊಟ ಬಿಟ್ಟರೆ, ಮೈ ಬಿಸಿಯಾದರೆ, ವಸಡು ಬಿಳಿಚಿದರೆ, ಮೂತ್ರ ಕಾಫಿಯ ಬಣ್ಣಕ್ಕೆ ತಿರುಗಿದರೆ ಮರುದಿನಕ್ಕೆ ಮುಂದೂಡದೆ ವೈದ್ಯರಲ್ಲಿಗೆ ಕರೆದೊಯ್ದು, ಉಣ್ಣೆ ಕಚ್ಚಿತ್ತು ಎಂದು ಮೊದಲ ಮಾತಿನಲ್ಲೇ ಹೇಳಿ.