ಭಾನುವಾರ ಯಾರದು?

ಪ್ರಶ್ನೆ: ನನಗೆ 36 ವರ್ಷ, ಸಾಫ್ಟ್‌ವೇರ್ ಡೆವಲಪರ್. ಅಪ್ಪ ಅಮ್ಮನ ಜೊತೆ ಇರಬೇಕೆಂದು ಬೆಂಗಳೂರು ಬಿಟ್ಟು ದಾವಣಗೆರೆಗೆ ಬಂದೆ. ವಿದ್ಯಾನಗರದ ಮನೆಯಿಂದಲೇ ಕೆಲಸ. ಬೆಳಗ್ಗೆ 9.30ಕ್ಕೆ ಬೆಂಗಳೂರು ಟೀಮಿನ ಸ್ಟ್ಯಾಂಡ್‌ಅಪ್ (ದಿನದ ಕೆಲಸ ಹೇಳಿಕೊಳ್ಳುವ ಚಿಕ್ಕ ಮೀಟಿಂಗ್), ಸಂಜೆ 7ಕ್ಕೆ ನ್ಯೂಯಾರ್ಕ್ ಕ್ಲೈಂಟ್ ಜೊತೆ ಕಾಲ್. ಎಐ ಬಂದಮೇಲೆ ಕೆಲಸ ಉಳಿಯುತ್ತದೋ ಇಲ್ಲವೋ ಎಂಬ ಭಯ. ಅದಕ್ಕೇ ಭಾನುವಾರ ಪೂರ್ತಿ ಆನ್‌ಲೈನ್ ಕೋರ್ಸ್ ಮಾಡುತ್ತೇನೆ. ನಾಲ್ಕು ಕೊಂಡಿದ್ದೇನೆ, ಒಂದೂ ಮುಗಿದಿಲ್ಲ. ಹೆಂಡತಿ ಖಾಸಗಿ ಶಾಲೆಯಲ್ಲಿ ಪಾಠ ಮಾಡುತ್ತಾಳೆ, ಬಿ.ಎಡ್ ಮಾಡಬೇಕು ಅಂತಿದ್ದಾಳೆ. ಆರು ವರ್ಷದ ಮಗಳಿದ್ದಾಳೆ. ಮೊನ್ನೆ ಹೆಂಡತಿ, ‘ನೀವು ಬೆಂಗಳೂರಿಂದ ವಾರಕ್ಕೊಮ್ಮೆ ಬರ್ತಿದ್ದಾಗಲೇ ಜಾಸ್ತಿ ಸಿಗ್ತಿದ್ರಿ’ ಅಂದಳು. ಕಲಿಯುವುದನ್ನು ಬಿಟ್ಟುಬಿಡಲೇ?
– ಹೆಸರು ಬೇಡ, ದಾವಣಗೆರೆ

ಉತ್ತರ: ಬಿಡಬೇಡಿ. ನಿಮ್ಮ ಭಯಕ್ಕೆ ಕಾರಣವಿದೆ. ಆದರೆ ಕೋರ್ಸಿನ ಮಾತಿಗೆ ಮುಂಚೆ ನಿಮ್ಮ ದಿನವನ್ನೊಮ್ಮೆ ನೋಡಿ. 9.30ಕ್ಕೆ ಶುರುವಾದ ಕೆಲಸ ಮುಗಿಯುವಾಗ ರಾತ್ರಿ ಎಂಟು ದಾಟಿರುತ್ತದೆ. ಎರಡು ಊರಿನ ಆಫೀಸನ್ನು ನೀವೊಬ್ಬರೇ ನಿಭಾಯಿಸುತ್ತಿದ್ದೀರಿ. ಬೆಂಗಳೂರಿನ ಟ್ರಾಫಿಕ್‌ನಲ್ಲಿ ಹೋಗುತ್ತಿದ್ದ ಹೊತ್ತು ಇಲ್ಲಿ ಮನೆಯವರಿಗೆ ಸಿಗಬೇಕಿತ್ತು, ಅಲ್ವಾ? ಅದನ್ನೂ ಆಫೀಸೇ ತೆಗೆದುಕೊಂಡಿದೆ.

ಇದು ಇನ್ನೂ ಬಿಗಿಯಾಗುತ್ತದೆ. ನವೆಂಬರ್ ಮೊದಲ ಭಾನುವಾರ ನ್ಯೂಯಾರ್ಕ್‌ನಲ್ಲಿ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ಇಡುತ್ತಾರೆ. ಬೇಸಿಗೆಯಲ್ಲಿ ಅಲ್ಲಿನ ಬೆಳಗಿನ 9.30 ನಮಗೆ ಸಂಜೆ 7, ಆಮೇಲೆ ಅದು ನಮಗೆ ರಾತ್ರಿ 8. ಮಾರ್ಚ್ ಬರುವವರೆಗೂ ಮಗಳ ಊಟ, ನಿದ್ದೆಯ ಹೊತ್ತಿಗೆ ನೀವು ಕಾಲ್‌ನಲ್ಲಿರುತ್ತೀರಿ. ಮ್ಯಾನೇಜರ್ ಹತ್ತಿರ ಈಗಲೇ ಮಾತಾಡಿ. ಕಾಲ್ ಇರುವ ದಿನ 4ರಿಂದ 6.30ರವರೆಗೆ ಸಿಗುವುದಿಲ್ಲ ಎಂದು ಹೇಳಿ, ಕ್ಯಾಲೆಂಡರ್‌ನಲ್ಲಿ ಬ್ಲಾಕ್ ಮಾಡಿ. ವಾರಕ್ಕೆ ಎರಡು ದಿನ ಟೀಮಿನ ಇನ್ನೊಬ್ಬರು ಆ ಕಾಲ್ ನೋಡಿಕೊಳ್ಳಲಿ ಎಂದೂ ಕೇಳಿ. ಕೇಳಲು ಮುಜುಗರವಾಗುತ್ತದೆ, ಆದರೂ ಕೇಳಿ. ಹೀಗೆ ಸಿಕ್ಕ ಹೊತ್ತಿನಲ್ಲಿ ಮಗಳ ಜೊತೆ ಕೂತುಕೊಳ್ಳಿ, ಅಪ್ಪನನ್ನು ಕರೆದುಕೊಂಡು ಕುಂದುವಾಡ ಕೆರೆ ಕಡೆ ನಡೆದು ಬನ್ನಿ. ಮೊಬೈಲ್‌ನಲ್ಲಿ ಆಫೀಸಿನ ಮೆಸೇಜ್ ನೋಡುತ್ತಾ ನಡೆಯಬೇಡಿ. ಅಪ್ಪನಿಗೆ ಅದು ಗೊತ್ತಾಗುತ್ತದೆ.

ಇನ್ನು ಕೋರ್ಸ್. ನಾಲ್ಕರಲ್ಲಿ ಮೂರನ್ನು ಮುಚ್ಚಿಡಿ. ಈಗಿನ ಪ್ರಾಜೆಕ್ಟ್‌ಗೆ ಬೇಗ ಉಪಯೋಗಕ್ಕೆ ಬರುವ ಒಂದು ಸಾಕು. ಭಾನುವಾರ ಒಂದೇ ಸಮನೆ ನೋಡಿದ ವಿಡಿಯೊ ಗುರುವಾರಕ್ಕೆ ನೆನಪಿರುವುದಿಲ್ಲ. ಜರ್ಮನಿಯ ಮನಃಶಾಸ್ತ್ರಜ್ಞ ಹರ್ಮನ್ ಎಬ್ಬಿಂಗ್‌ಹೌಸ್ ತಮ್ಮ ಮೇಲೆಯೇ ಪ್ರಯೋಗ ಮಾಡಿಕೊಂಡು 1885ರಲ್ಲೇ ಇದನ್ನು ಬರೆದಿದ್ದಾರೆ. ಒಮ್ಮೆಗೇ ಓದಿದ್ದಕ್ಕಿಂತ, ಹಲವು ದಿನಕ್ಕೆ ಹಂಚಿಕೊಂಡು ಓದಿದ್ದು ಚೆನ್ನಾಗಿ ನಿಲ್ಲುತ್ತದೆ. ಸ್ಟ್ಯಾಂಡ್‌ಅಪ್‌ಗೆ ಮುಂಚೆ ದಿನಾ 40 ನಿಮಿಷ ಇಟ್ಟುಕೊಳ್ಳಿ. ಕಲಿತದ್ದನ್ನು ಅವತ್ತೇ ಕೋಡ್ ಬರೆದು ಓಡಿಸಿ. ಎಐ ಬರೆದ ಕೋಡ್‌ನಲ್ಲಿ ತಪ್ಪು ಹಿಡಿಯುವುದನ್ನೂ ರೂಢಿಸಿಕೊಳ್ಳಿ. ನಿಮ್ಮ ಅನುಭವ ಅಲ್ಲಿ ಕೆಲಸಕ್ಕೆ ಬರುತ್ತದೆ.

ನಿಮ್ಮ ಪತ್ರದಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಬೇರೆ ಮಾತು. ಪತ್ನಿ ಬಿ.ಎಡ್ ಮಾಡಬೇಕು ಅಂತಿದ್ದಾರೆ ಎಂದು ಬರೆದು, ಸುಮ್ನೆ ಮುಂದೆ ಹೋಗಿಬಿಟ್ಟಿದ್ದೀರಿ. ಬಿ.ಎಡ್ ಇಲ್ಲದೆ ಸರ್ಕಾರಿ ಪ್ರೌಢಶಾಲೆಯ ಶಿಕ್ಷಕರ ಹುದ್ದೆಗೆ ಅರ್ಜಿ ಹಾಕುವಂತಿಲ್ಲ. ಕೆಲಸದ ಭಯ ಅವರಿಗಿಲ್ಲವೇ? ನಿಮ್ಮ ಕೋರ್ಸ್ ನಡೆಯುವಾಗ ಅಡುಗೆ, ಮಗಳ ಹೋಂವರ್ಕ್, ಅತ್ತೆ ಮಾವನ ಮಾತ್ರೆ ಯಾರು ನೋಡಿಕೊಳ್ಳುತ್ತಾರೆ? ವಾರವಿಡೀ ಶಾಲೆಯಲ್ಲಿ ನಿಂತು ಪಾಠ ಮಾಡಿ ಬಂದವರಿಗೂ ಭಾನುವಾರವೊಂದೇ ರಜೆ. ‘ಜಾಸ್ತಿ ಸಿಗ್ತಿದ್ರಿ’ ಅಂದಾಗ ಅವರು ನಿಮ್ಮ ಮೇಲೆ ಮುನಿಸಿಕೊಂಡಿದ್ದಾರೆ ಅಂದುಕೊಳ್ಳಬೇಡಿ. ಅವರಿಗೆ ದಣಿವಾಗಿದೆ. ಅವರ ಓದಿಗೆ ನಿಮ್ಮ ಮನೆಯಲ್ಲಿ ಇದುವರೆಗೆ ಯಾರೂ ಒಂದು ಗಂಟೆಯನ್ನೂ ಎತ್ತಿಟ್ಟಿಲ್ಲ ಅನಿಸುತ್ತದೆ.

ಹಾಗಾಗಿ ಭಾನುವಾರ ಬೆಳಗಿನ ಹೊತ್ತು ಇನ್ನು ಮೇಲೆ ಅವರದು. ಓದಲಿ, ಇಲ್ಲವೇ ಬಿಸಿಲೇರುವವರೆಗೆ ಮಲಗಲಿ, ಅವರಿಷ್ಟ. ಮನೆಯ ಕೆಲಸ ನಿಮ್ಮದು. ಅಡುಗೆ ಕಷ್ಟವಾದ ದಿನ ಮಗಳ ಜೊತೆ ಹೋಗಿ ಬೆಣ್ಣೆದೋಸೆ ತಿಂದು, ಮನೆಯವರಿಗೂ ಪಾರ್ಸೆಲ್ ಕಟ್ಟಿಸಿಕೊಂಡು ಬನ್ನಿ.

ಬಿ.ಎಡ್‌ಗೆ ಅರ್ಜಿ ಯಾವಾಗ ಕರೆಯುತ್ತಾರೆ, ಅಂಕಪಟ್ಟಿ ಎಲ್ಲ ಸರಿ ಇವೆಯೇ ಎಂದು ಈ ವಾರವೇ ಇಬ್ಬರೂ ಕೂತು ನೋಡಿ. ನೀವೇನಾದರೂ ಸರ್ಟಿಫಿಕೇಟ್ ಪರೀಕ್ಷೆ ಬರೆಯುವುದಿದ್ದರೆ, ಅದರ ದಿನಾಂಕವನ್ನು ಆಮೇಲೆ ಗೊತ್ತುಮಾಡಿಕೊಳ್ಳಿ.