ಕೇಳಿ, ಹೇಳುತ್ತೇನೆ: ಕ್ಲಿಂಗನ್ನರ ಲೋಟ, ನಮ್ಮ ಕುಡ್ತೆ

ಪ್ರಶ್ನೆ: ನನ್ನ ತಂಗಿಯ ಮಗ ಪ್ಲಸ್ ಟು ಓದುತ್ತಿದ್ದಾನೆ. ಕ್ಲಿಂಗನ್ ಎಂಬ ಭಾಷೆಯ ಹುಚ್ಚು ಹಿಡಿದಿದೆ. ಕುಡಿಯುವ ನೀರನ್ನೂ ಅದರಲ್ಲೇ ಕೇಳುತ್ತಾನೆ. ಆ ಭಾಷೆಯಲ್ಲಿ ಲೋಟ, ಚೆಂಬು, ಗಿಂಡಿಗೆಲ್ಲ ಹೆಸರಿದೆಯೇ ಅಕ್ಕಾ?
— ಓದುಗರು, ಪೆರ್ಲ

ಉತ್ತರ: ಕಾಸರಗೋಡನ್ನು ಸಪ್ತಭಾಷೆಗಳ ನಾಡು ಎನ್ನುತ್ತೇವೆ. ನಿಮ್ಮ ಮನೆಗೆ ಎಂಟನೆಯದೂ ಬಂತು, ಅಷ್ಟೇ, ಗಾಬರಿ ಬೇಡ. ಕ್ಲಿಂಗನ್ನರು ಸ್ಟಾರ್ ಟ್ರೆಕ್ ಎಂಬ ಅಮೆರಿಕದ ಕಥಾಸರಣಿಯ ಯುದ್ಧಪ್ರಿಯ ಜನ. 1979ರ ಚಲನಚಿತ್ರದಲ್ಲಿ ಅವರು ಆಡಿದ್ದು ನಾಲ್ಕು ಮಾತು ಮಾತ್ರ. 1984ರ ಚಿತ್ರಕ್ಕಾಗಿ ಮಾರ್ಕ್ ಓಕ್ರಾಂಡ್ ಎಂಬ ಭಾಷಾವಿಜ್ಞಾನಿ ಅದಕ್ಕೆ ವ್ಯಾಕರಣ ಕಟ್ಟಿ, ಮರುವರ್ಷ ನಿಘಂಟನ್ನೂ ಹೊರತಂದರು. ಕ್ಯಾಲಿಫೋರ್ನಿಯಾದ ಮೂಲನಿವಾಸಿಗಳ ಮುತ್ಸುನ್ ಭಾಷೆಯ ಬಗ್ಗೆ ಸಂಶೋಧನೆ ಮಾಡಿದವರು ಅವರು. ಹಾಗಾಗಿ ಬಾಯಿಗೆ ಬಂದ ಶಬ್ದಗಳನ್ನು ಸುರಿದು ಕೈತೊಳೆದುಕೊಂಡವರಲ್ಲ.

ಲೋಟಕ್ಕೆ ಅಲ್ಲಿ ಖಿವ್‌ಜೆ ಎನ್ನುತ್ತಾರೆ. ಕೊನೆಯ ಜೆ ಮುಗಿಯುತ್ತಿದ್ದಂತೆ ಗಂಟಲನ್ನು ಥಟ್ಟನೆ ಮುಚ್ಚಬೇಕು. ಹೂಜಿಗೂ ಬಾಟಲಿಗೂ ಬಾಲ್. ನೀರು ಬಿಕ್ಖ್, ಮದ್ಯ ಖಿಕ್. ಈ ‘ಖ’ ನಮ್ಮ ಖಡ್ಗದ ಖ ಅಲ್ಲ, ಗಂಟಲಿನಿಂದ ಕೆರೆದು ಹೊರಡುವ ಸದ್ದು. ‘ಕುಡಿ’ ಎಂಬ ಕ್ರಿಯಾಪದ ತ್ಲೂತ್ಲ್. ಹೇಳುವಾಗಲೇ ಅರ್ಧ ನೀರು ಚೆಲ್ಲುತ್ತದೆ. ನಿಮ್ಮ ಹುಡುಗ ಕೇಳುತ್ತಿರುವುದು ಬಹುಶಃ ‘ಬಿಕ್ಖ್ ಖಿನೋಬ್’, ಅಂದರೆ ‘ನನಗೆ ನೀರು ಕೊಡು’. ‘ದಯವಿಟ್ಟು’ ಎನ್ನುವುದಕ್ಕೆ ಆ ಭಾಷೆಯಲ್ಲಿ ಪದವಿಲ್ಲ, ಆದ್ದರಿಂದ ಅವನ ಒರಟುತನಕ್ಕೆ ತಂಗಿಯನ್ನು ದೂರಬೇಡಿ. ಎದುರು ಸಿಕ್ಕವರನ್ನು ಮಾತಾಡಿಸುವುದೂ ‘ನುಕ್‌ನೆಖ್’ ಎಂದೇ: ‘ನಿನಗೇನು ಬೇಕು?’ ಕುಂಬಳೆ ಪೇಟೆಯ ಯಾವ ಅಂಗಡಿಗೆ ಹೋದರೂ ಮೊದಲ ಮಾತು ಇದೇ ತಾನೇ! ‘ದಾದ ಬೋಡು’ ಎಂದು ಒಬ್ಬ, ‘ಎಂದಾ ವೇಂಡದ್’ ಎಂದು ಇನ್ನೊಬ್ಬ. ಅವರನ್ನು ಯಾರೂ ಒರಟರೆನ್ನುವುದಿಲ್ಲ.

ಮೂವತ್ತು ವರ್ಷ ಕನ್ನಡ ಕಲಿಸಿದವಳಿಗೆ ಖುಷಿ ಕೊಟ್ಟ ಸಂಗತಿ ಬೇರೆ. ಊಟದ ತಟ್ಟೆ ಒಂದಿದ್ದರೆ ಜೆಂಗ್ವಾ, ಹಲವಿದ್ದರೆ ಙೋಪ್. ಲೋಟಕ್ಕಾದರೆ ಬಹುವಚನದಲ್ಲಿ ‘ಮೆಯ್’ ಸೇರಿಸಿದರೆ ಸಾಕು. ತಟ್ಟೆಗೆ ಮಾತ್ರ ಪದವೇ ಬದಲು. ಆ ಙ ನೋಡಿ! ‘ಈ ಅಕ್ಷರದಿಂದ ಶುರುವಾಗುವ ಒಂದು ಪದ ಹೇಳಿ ಟೀಚರ್’ ಎಂದು ಪ್ರತಿವರ್ಷ ಒಬ್ಬ ಕಿಲಾಡಿ ಎದ್ದು ನಿಲ್ಲುತ್ತಿದ್ದ. ಈಗ ಕೇಳಲಿ. ಕ್ಲಿಂಗನ್ನಿನ ಡ, ಷ ಉಚ್ಚರಿಸಲು ನಾಲಿಗೆಯನ್ನು ಹಿಂದಕ್ಕೆ ಮಡಚಬೇಕು ಎಂದು ಇಂಗ್ಲಿಷರಿಗೆ ಪುಟಗಟ್ಟಲೆ ಪಾಠ ಹೇಳಬೇಕಾಗುತ್ತದೆ, ನಮ್ಮ ಮಕ್ಕಳಿಗೆ ಆ ಕಷ್ಟವಿಲ್ಲ. ವಾಕ್ಯದಲ್ಲಿ ಕರ್ಮ ಮೊದಲು, ಆಮೇಲೆ ಕ್ರಿಯೆ, ಕರ್ತೃ ಕೊನೆಗೆ. ‘ನೀರು ಕುಡಿದೆ ನಾನು’ ಎಂದು ನಾವೂ ಹೇಳುವುದುಂಟಲ್ಲ?

ಗಿಂಡಿಗೆ ಬೇರೆ ಪದ ಹುಡುಕುವುದು ಬೇಡ. ಸೊಂಡಿಲಿನಿಂದ ಸಣ್ಣಗೆ ನೀರು ಬಿಟ್ಟು ಕಾಲು ತೊಳೆದು ಒಳಗೆ ಬರುವ ಜನ ಅವರಲ್ಲ.

ಪ್ರಶ್ನೆ: ಅಜ್ಜಿಯ ಪಾಯಸದ ಚೀಟಿಯಲ್ಲಿ ‘ನಾಲ್ಕು ಕುಡ್ತೆ ಕಾಯಿಹಾಲು’ ಎಂದಿದೆ. ಲೀಟರಿನಲ್ಲಿ ಎಷ್ಟು?
— ಗೃಹಿಣಿ, ಬದಿಯಡ್ಕ

ಉತ್ತರ: ಅಜ್ಜಿಯ ಕುಡ್ತೆ ಅಟ್ಟದಲ್ಲಿದೆಯೇ, ಮೊದಲು ಹುಡುಕಿ. ನಮ್ಮ ಮನೆಯದರಲ್ಲಿ 200 ಮಿಲಿಲೀಟರಿಗಿಂತ ತುಸು ಹೆಚ್ಚು ಹಿಡಿಯುತ್ತದೆ. ಪಕ್ಕದ ಮನೆಯದು ಹಾಗೇ ಇರಬೇಕೆಂದಿಲ್ಲ. ಸಿಗದಿದ್ದರೆ ಒಂದೇ ಲೋಟದಲ್ಲಿ ಅಕ್ಕಿ, ಬೆಲ್ಲದ ಪುಡಿ, ಕಾಯಿಹಾಲು ಮೂರನ್ನೂ ಅಳೆಯಿರಿ. ಪಾಯಸಕ್ಕೆ ಬೇಕಾದದ್ದು ಪ್ರಮಾಣ, ಸರಕಾರದ ಮುದ್ರೆಯಲ್ಲ. ಮಲಯಾಳದವರ ಲೆಕ್ಕ ಇನ್ನಷ್ಟು ಅಚ್ಚುಕಟ್ಟು: ಎರಡು ಉರಿ ಸೇರಿದರೆ ಒಂದು ನಾಳಿ, ನಾಲ್ಕು ನಾಳಿಗೆ ಒಂದು ಇಡಂಗಳಿ, ಹತ್ತು ಇಡಂಗಳಿಗೆ ಒಂದು ಪರೆ. ನಮ್ಮ ತಾಲೂಕು ಮದರಾಸಿನ ದಕ್ಷಿಣ ಕನ್ನಡ ಜಿಲ್ಲೆಯಿಂದ ಕೇರಳಕ್ಕೆ ಸೇರಿದ್ದು 1956ರ ನವೆಂಬರ್ 1ರಂದು. ಮೆಟ್ರಿಕ್ ಅಳತೆಯ ಕಾನೂನು ಬಂದದ್ದೂ ಅದೇ ವರ್ಷ. ರಾಜ್ಯವೂ ಬದಲು, ಅಳತೆಯೂ ಬದಲು! ಅಜ್ಜಿಯಂದಿರು ಎರಡನ್ನೂ ಅಡುಗೆಮನೆಯ ಹೊಸ್ತಿಲಿನಾಚೆಗೇ ನಿಲ್ಲಿಸಿದರು.

ಪೆರ್ಲದ ಹುಡುಗನ ಭಾಷೆಯಲ್ಲಿ ಊಜ್ ಎಂದರೆ ಸುಮಾರು 35 ಸೆಂಟಿಮೀಟರ್, ಕೆಲಿಕಾಮ್ ಎಂದರೆ ಹತ್ತಿರ ಹತ್ತಿರ ಎರಡು ಕಿಲೋಮೀಟರ್. ಅವುಗಳಿಂದ ಪಾಯಸ ಅಳೆಯಲು ಹೊರಟರೆ ಇಡೀ ಬದಿಯಡ್ಕಕ್ಕೆ ಊಟ ಹಾಕಬೇಕಾದೀತು.

ಪ್ರಶ್ನೆ: ಕ್ಲಿಂಗನ್ನರು ಕಾಫಿ ಕುಡಿಯುತ್ತಾರೆಯೇ?
— ಕಾಫಿಪ್ರಿಯ, ಮಂಜೇಶ್ವರ

ಉತ್ತರ: ಕುಡಿಯುತ್ತಾರೆ. ಕಾಫಿ ಕಾ-ವಿನ್, ಚಹಾ ಡಾರ್ಘ್. ಹಾಲು ಸಕ್ಕರೆಯ ವಿಚಾರ ಅವರನ್ನೇ ಕೇಳಿ.

ಪ್ರಶ್ನೆ: ಹಳೆಯ ಹಿತ್ತಾಳೆ ಚೆಂಬಿನಲ್ಲಿ ಮಜ್ಜಿಗೆ ಇಡಬಹುದೇ?
— ಹೊಸ ಸೊಸೆ, ನೀರ್ಚಾಲು

ಉತ್ತರ: ಒಳಗೆ ಕಲಾಯಿ ಇದ್ದರೆ ಮಾತ್ರ. ಹಿತ್ತಾಳೆಯಲ್ಲಿರುವುದು ತಾಮ್ರ ಮತ್ತು ಸತು. ಹುಳಿ ತಾಗಿದರೆ ಅವು ಮಜ್ಜಿಗೆಗೆ ಇಳಿಯುತ್ತವೆ, ಬಾಯಿ ಒಗರಾಗುತ್ತದೆ, ಹೊಟ್ಟೆಯೂ ಕೆಡುತ್ತದೆ. ಪಾತ್ರೆ ಕಾಯಿಸಿ, ನವಸಾಗರ ಹಾಕಿ, ತವರವನ್ನು ತೆಳ್ಳಗೆ ಸವರುವುದೇ ಕಲಾಯಿ. ಒಳಗಿನ ಬಿಳಿ ಮಾಸಿ ಹಳದಿ ಕಂಡಿತೆಂದರೆ ಮತ್ತೆ ಹಾಕಿಸಬೇಕು. ಹುಣಸೆಹಣ್ಣು, ಬೂದಿ ಹಾಕಿ ಫಳಫಳ ತಿಕ್ಕುವುದು ಹೊರಮೈಗೆ ಮಾತ್ರ. ಅತ್ತೆಯವರು ಒಳಗೂ ತಿಕ್ಕು ಎಂದರೆ ಈ ಪುಟವನ್ನು ಅವರ ಮುಂದಿಡಿ.