ಹಾವೇರಿ ಕೃಷಿಹೊಂಡದಲ್ಲಿ ಗಿಫ್ಟ್ ತಿಲಾಪಿಯಾ ಬೆಳೆಯುತ್ತಿಲ್ಲ: ಪ್ರತಿಕ್ರಿಯೆ

ಐದು ತಿಂಗಳಾದರೂ ಮೀನು ಅಂಗೈಯಷ್ಟೇ, ದಡದ ತುಂಬ ಮರಿ ಅಂದಿರಲ್ಲ, ಬಹುಶಃ ನಿಮಗೆ ಗಂಡು-ಹೆಣ್ಣು ಬೆರೆತ ಮರಿ ಕೊಟ್ಟಿದ್ದಾರೆ. ಗಿಫ್ಟ್ ಅನ್ನೋದು ತಿಲಾಪಿಯಾ ಮೀನಿನ ಸುಧಾರಿತ, ಬೇಗ ಬೆಳೆಯೋ ತಳಿ ನಿಜ, ಆದರೆ ಮರಿಯನ್ನೂ ಅಷ್ಟೇ ಜೋರಾಗಿ ಮಾಡುತ್ತದೆ. ಹೆಣ್ಣು ಮೊಟ್ಟೆಯನ್ನು ಬಾಯಲ್ಲೇ ಇಟ್ಟುಕೊಂಡು ಕಾಯುತ್ತದೆ, ಆಗ ಮೇವು ತಿನ್ನೋದೇ ಕಷ್ಟ. ಹುಟ್ಟಿದ ಮರಿಗಳೂ ಮೇವಿಗೆ ಬಾಯಿ ಹಾಕುತ್ತವೆ.

ಮೊದಲು ಸಣ್ಣ ಕಣ್ಣಿನ ಬಲೆಯಿಂದ ಮರಿ ಎತ್ತಿ. ಕೆರೆ, ಹೊಳೆಗೆ ಮಾತ್ರ ಬಿಡಬೇಡಿ, ಅಲ್ಲಿನ ಮೀನಿಗೆ ಕುತ್ತು. ಆಮೇಲೆ ದೊಡ್ಡ ಮೀನು ತಿರುವಿ ನೋಡಿ. ಗುದದ್ವಾರದ ಹಿಂದಿನ ಉಬ್ಬಿನ ಮೇಲೆ ಸ್ವಲ್ಪ ನೀಲಿ ಶಾಯಿ ಸವರಿ. ಅಡ್ಡ ಸೀಳು ಕಂಡರೆ ಹೆಣ್ಣು, ತುದಿಯಲ್ಲಿ ಒಂದೇ ತೂತಿದ್ದರೆ ಗಂಡು. ಹೆಣ್ಣು ಮಾರಿಬಿಡಿ, ಗಂಡು ಉಳಿಸಿಕೊಳ್ಳಿ.

ತಿಂಗಳಾದರೂ ಗಂಡು ತೂಕ ಏರದಿದ್ದರೆ ಮೀನು ಜಾಸ್ತಿ ಆಗಿರಬಹುದು, ಇನ್ನಷ್ಟು ತೆಗೆಯಿರಿ. ಮುಂದಿನ ಸಲ ಬರೀ ಗಂಡುಮರಿ ಅಂತ ಬಿಲ್ಲಿನಲ್ಲೇ ಬರೆಸಿಕೊಳ್ಳಿ.